‘ಕೊಂಪ್ರೊಮಾತ್’: ಸಾಮಗ್ರಿಯೇ, ಕೃತ್ಯವೇ?

ರಷ್ಯನ್ ಭಾಷೆಯ ‘ಕೊಂಪ್ರೊಮಾತ್’ ಪದವನ್ನು ಇಂಗ್ಲಿಷ್ ಪತ್ರಿಕಾ ಬರಹಗಳೂ ಅವುಗಳನ್ನು ಅನುಸರಿಸುವ ಅನುವಾದಗಳೂ ಅನೇಕ ವೇಳೆ ‘ಬ್ಲ್ಯಾಕ್‌ಮೇಲ್’ ಎಂಬುದರ ಪರ್ಯಾಯವಾಗಿ ಬಳಸುತ್ತವೆ. ಈ ಸಮೀಕರಣವು ಪದದ ರಚನೆಗೂ ಪ್ರಯೋಗಕ್ಕೂ ಹೊಂದುವುದಿಲ್ಲವೆಂಬುದು ಪ್ರಸ್ತುತ ಟಿಪ್ಪಣಿಯ ವಾದ.

‘ಹೆಸರಿಗೆ ಕಳಂಕ ತರುವ ಸಾಮಗ್ರಿ’ ಎಂಬರ್ಥದ ‘ಕೊಂಪ್ರೊಮೆತಿರುಯುಶ್ಚಿ ಮತೆರಿಯಾಲ್’ ಎಂಬ ಪದಪುಂಜದ ಆದಿಭಾಗಗಳು ಕೂಡಿ ಈ ಪದವಾಗಿದೆ. ‘ಕೊಲ್ಖೋಜ್’, ‘ಕೊಮ್ಸೊಮೊಲ್’ಗಳಂತೆ ಇದೂ ಸೋವಿಯತ್ ಕಾಲದ ಸಂಕ್ಷಿಪ್ತ ಸಮಾಸ, ಗುಪ್ತ ಪೊಲೀಸರ ಪರಿಭಾಷೆಯಿಂದ ಹೊರಬಂದುದು. ಇದರ ಉತ್ತರಪದವು ವಸ್ತುವನ್ನು ಸೂಚಿಸುತ್ತದೆಯೇ ಹೊರತು ಕ್ರಿಯೆಯನ್ನಲ್ಲ. ಆದುದರಿಂದಲೇ ರಷ್ಯನ್ನರು ಕೊಂಪ್ರೊಮಾತನ್ನು ಒಬ್ಬರ ಮೇಲೆ ‘ಸಂಗ್ರಹಿಸುತ್ತಾರೆ’, ಸಮಯ ಬಂದಾಗ ‘ಹರಿಯಬಿಡುತ್ತಾರೆ’. ಬೆದರಿಸುವ ಕೃತ್ಯಕ್ಕೆ ಅಲ್ಲಿ ಫ್ರೆಂಚ್ ಮೂಲದ ‘ಶಾಂತಾಜ್’ ಎಂಬ ಬೇರೆಯೇ ಪದವಿದೆ.

ಈ ವ್ಯತ್ಯಾಸ ಕೇವಲ ವ್ಯಾಕರಣದ್ದಲ್ಲ. 1999ರ ಫೆಬ್ರವರಿಯಲ್ಲಿ ರಷ್ಯದ ಮಹಾಭಿಯೋಜಕ ಯೂರಿ ಸ್ಕುರಾತೊವ್ ರಾಜೀನಾಮೆ ಸಲ್ಲಿಸಿದರು. ಮಾರ್ಚ್‌ನಲ್ಲಿ ಸಂಸತ್ತಿನ ಮೇಲ್ಮನೆ ಅದನ್ನು ತಿರಸ್ಕರಿಸಿತು. ಅದರ ಬೆನ್ನಿಗೇ ಸರ್ಕಾರಿ ದೂರದರ್ಶನವಾಹಿನಿಯು ‘ಮಹಾಭಿಯೋಜಕರನ್ನು ಹೋಲುವ ವ್ಯಕ್ತಿ’ಯ ಖಾಸಗಿ ದೃಶ್ಯಗಳನ್ನು ಬಿತ್ತರಿಸಿತು. ಈ ನುಡಿಗಟ್ಟು ಮುಂದೆ ರಷ್ಯನ್‌ನಲ್ಲಿ ಗಾದೆಯಂತೆ ನೆಲೆಗೊಂಡಿತು. ತನ್ನ ಸತ್ಯಾಸತ್ಯತೆ ನಿರ್ಣಯವಾಗುವ ಮೊದಲೇ ಸಾಮಗ್ರಿಯು ಕೆಲಸ ಮಾಡಬಲ್ಲದೆಂಬುದನ್ನು ‘ಹೋಲುವ’ ಎಂಬ ಒಂದೇ ಪದ ತೋರಿಸುತ್ತದೆ. ‘ಬ್ಲ್ಯಾಕ್‌ಮೇಲ್’ ಎಂದೊಡನೆ ನಾವು ಬೆದರಿಸಿದವನನ್ನೂ ಅವನ ಬೇಡಿಕೆಯನ್ನೂ ಹುಡುಕುತ್ತೇವೆ. ಕೊಂಪ್ರೊಮಾತ್‌ಗೆ ಇವೆರಡೂ ಅನಿವಾರ್ಯವಲ್ಲ. ಕಡತವೊಂದು ಎಲ್ಲೋ ಇದೆಯೆಂಬ ಅರಿವೇ ವ್ಯಕ್ತಿಯನ್ನು ಹದ್ದಿನಲ್ಲಿಡಬಲ್ಲದು.

ಇಂಗ್ಲಿಷಿನ ಸ್ವೀಕರಣದಲ್ಲಿ ಇನ್ನೊಂದು ವಿಪರ್ಯಾಸವಿದೆ. ಪದದ ಎರಡು ಘಟಕಗಳೂ ಲ್ಯಾಟಿನ್ ಮೂಲದವು, ಇಂಗ್ಲಿಷಿಗೂ ಚಿರಪರಿಚಿತ. ಆದರೂ ಅದು ಪದವನ್ನು ‘ಸಿ’ ಅಕ್ಷರದ ಬದಲು ‘ಕೆ’ ಅಕ್ಷರದಿಂದ ಬರೆದು ಅನ್ಯವಾಗಿಸುತ್ತದೆ. 2017ರ ಜನವರಿಯಲ್ಲಿ, ಡೊನಾಲ್ಡ್ ಟ್ರಂಪ್ ಕುರಿತ ದೃಢಪಡದ ವರದಿಯೊಂದು ಪ್ರಕಟವಾದ ಬಳಿಕ, ಪದವು ಅಮೆರಿಕದ ದೈನಂದಿನ ಸುದ್ದಿಯನ್ನು ಹೊಕ್ಕಿತು. ಆ ಬರವಣಿಗೆ ಪದದೊಂದಿಗೆ ಪರಿಪಾಠವನ್ನೂ ರಷ್ಯಕ್ಕೇ ಮೀಸಲಾದುದೆಂಬಂತೆ ತೋರಿಸುತ್ತದೆ.

ಕನ್ನಡದ ಅನುವಾದಕರಿಗೆ ತೊಡಕು ಬೇರೆಯದು. ಇಂಗ್ಲಿಷಿನ ‘ಕಾಂಪ್ರಮೈಸ್’ಗೆ ರಾಜಿ, ಮಾನಹಾನಿಗೊಡ್ಡುವಿಕೆ ಎರಡೂ ಅರ್ಥಗಳಿವೆ. ರಷ್ಯನ್ ಮೊದಲನೆಯದನ್ನು ‘ಕೊಂಪ್ರೊಮಿಸ್’ ಎಂದು ಬೇರ್ಪಡಿಸಿಕೊಂಡಿದೆ. ಕನ್ನಡದ ಬಳಕೆಯಲ್ಲಿ ನೆಲೆಯೂರಿರುವುದು ಮುಖ್ಯವಾಗಿ ರಾಜಿಯ ಅರ್ಥವೇ. ಹೀಗಾಗಿ ವಿವರಣೆಯಿಲ್ಲದ ಎರವಲು ಓದುಗನನ್ನು ವಿರುದ್ಧ ದಿಕ್ಕಿಗೆ ಕೊಂಡೊಯ್ಯಬಹುದು. ಮೊದಲ ಬಳಕೆಯಲ್ಲಿ ‘ಕಳಂಕ ತರುವ ಸಾಮಗ್ರಿ’ ಎಂದು ಬಿಡಿಸಿ ಹೇಳಿ, ಮುಂದೆ ಮೂಲಪದವನ್ನೇ ಉಳಿಸಿಕೊಳ್ಳುವುದು ಯುಕ್ತ. ‘ಬೆದರಿಕೆ’ ಎಂದು ಅನುವಾದಿಸಿದರೆ, ಬಾಯಿಬಿಟ್ಟು ಬೆದರಿಸದೆಯೇ ನಡೆಯುವ ಅಧಿಕಾರಕ್ಕೆ ನಮ್ಮಲ್ಲಿ ಹೆಸರೇ ಇಲ್ಲದಂತಾಗುತ್ತದೆ.