ಬೆರಳಿಗೆ ಸಿಗದ ಬಣ್ಣ

ಚಿತ್ರವಿರುವ ಟೀ ಶರ್ಟೊಂದನ್ನು ತೊಡೆಯ ಮೇಲೆ ಹರಡಿಕೊಳ್ಳಿ. ಕಣ್ಣು ಮುಚ್ಚಿ ಚಿತ್ರದ ಅಂಚಿನ ಮೇಲೆ ತೋರುಬೆರಳು ಆಡಿಸಿ. ಬಟ್ಟೆ ಮುಗಿದು ಬಣ್ಣ ಶುರುವಾಗುವ ಜಾಗ ಬೆರಳಿಗೆ ತಿಳಿದರೆ ಅದು ಹೆಚ್ಚಾಗಿ ವಿನೈಲೋ ಸ್ಕ್ರೀನ್ ಪ್ರಿಂಟಿಂಗೋ ಆಗಿರುತ್ತದೆ. ಅಲ್ಲಿ ಬಣ್ಣ ಬಟ್ಟೆಯ ಮೇಲೆ ಕೂತಿದೆ. ಕೂತದ್ದು ಒಂದು ದಿನ ಏಳಲೇಬೇಕು. ನವೆಂಬರ್ 1ಕ್ಕೆ ಬಡಾವಣೆಯ ಹುಡುಗರು ತೊಟ್ಟ ಅಗ್ಗದ ಶರ್ಟುಗಳ ಎದೆಯ ಮೇಲಿನ ಭುವನೇಶ್ವರಿ ಯುಗಾದಿಯ ಹೊತ್ತಿಗೆ ಸಿಪ್ಪೆ ಸಿಪ್ಪೆಯಾಗಿ ಉದುರುವುದನ್ನು ನೀವೂ ಕಂಡಿರುತ್ತೀರಿ.

ಪಾಲಿಯೆಸ್ಟರ್ ಶರ್ಟಿನ ಮೇಲೆ ಬೆರಳಿಗೆ ಅಂಚೇ ಸಿಗದಿದ್ದರೆ ಅದು ಬಹುಮಟ್ಟಿಗೆ ಸಬ್ಲಿಮೇಷನ್. ಕ್ರಿಕೆಟ್ ಆಟಗಾರರ ಜೆರ್ಸಿಗಳಲ್ಲಿ ಕಾಣುವುದು ಇದೇ. ನಾಲ್ಕು ವರ್ಷದಿಂದ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ನಡೆಯುತ್ತಿರುವುದೂ ಇದೇ.

ಸಬ್ಲಿಮೇಷನ್ ಅನ್ನು ಶಾಲೆಯಲ್ಲಿ ‘ಉತ್ಪತನ’ ಎಂದು ಉರುಹೊಡೆದದ್ದು ನೆನಪಿದೆಯೇ? ಬೀರುವಿನಲ್ಲಿಟ್ಟ ನುಸಿಗುಳಿಗೆ ಸೀರೆಯನ್ನು ಒದ್ದೆ ಮಾಡದೆ ತಾನೇ ಸವೆದು ಮಾಯವಾಗುತ್ತದಲ್ಲ, ಅದು. ಘನ ನೇರವಾಗಿ ಅನಿಲವಾಗುತ್ತದೆ, ನಡುವೆ ದ್ರವದ ಮಾತಿಲ್ಲ. ಡಿಸ್ಪರ್ಸ್ ಡೈ ಎಂಬ ಜಾತಿಯ ಬಣ್ಣಗಳಿಗೂ ಈ ಗುಣವಿದೆ. ಆ ಬಣ್ಣದ ಇಂಕಿನಲ್ಲಿ ಕಾಗದದ ಮೇಲೆ ಚಿತ್ರ ಮುದ್ರಿಸಿ, ಕಾಗದವನ್ನು ಬಟ್ಟೆಗೆ ಕವುಚಿ, 190ರಿಂದ 200 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ 45ರಿಂದ 60 ಸೆಕೆಂಡು ಒತ್ತಿದರೆ ಬಣ್ಣ ಅನಿಲವಾಗುತ್ತದೆ. ಅದೇ ಕಾವಿಗೆ ಪಾಲಿಯೆಸ್ಟರ್ ಎಳೆಯೂ ಒಳಗೊಳಗೇ ಸಡಿಲವಾಗಿರುತ್ತದೆ. ಬಣ್ಣ ನುಗ್ಗುತ್ತದೆ, ಎಳೆ ತಣಿಯುತ್ತದೆ, ಬಾಗಿಲು ಮುಚ್ಚಿತು. ಆಮೇಲೆ ಬಕೆಟ್ಟಿನಲ್ಲಿ ಎಷ್ಟು ಕುಕ್ಕಿದರೂ ಬಣ್ಣ ಹೊರಬರುವುದಿಲ್ಲ.

ಹತ್ತಿಗೆ ಇಂಥ ಬಾಗಿಲಿಲ್ಲ. ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ, ಹುಲಿಯಿಂದ ಕಲಿತೆ. ಅಕ್ಕನ ಮಗನ ಹುಟ್ಟುಹಬ್ಬಕ್ಕೆಂದು ಬಿಳಿ ಟೀ ಶರ್ಟು ಕೊಳ್ಳಲು ಹೋದಾಗ ಅಂಗಡಿಯವನು, “ನೂರಕ್ಕೆ ನೂರು ಪಾಲಿಯೆಸ್ಟರ್ ಸಾರ್, ಕಣ್ಮುಚ್ಚಿಕೊಂಡು ತಗೊಂಡ್ ಹೋಗಿ” ಅಂದ. ನಾನೂ ಕಣ್ಮುಚ್ಚಿಕೊಂಡೇ ತಂದೆ. ಒತ್ತಿದಾಗ ಹುಲಿ ಮೂಡಿತು, ಸ್ವಲ್ಪ ಮಂಕಾಗಿ. ಎರಡು ಒಗೆತಕ್ಕೆ ಬೆಕ್ಕಾಯಿತು, ಮೂರನೆಯದಕ್ಕೆ ಅದೂ ಇಲ್ಲ. ಬಾಲ ಮಾತ್ರ ಒಂದು ಕಡೆ ಉಳಿದಿತ್ತು: ಕೆಳಅಂಚಿನ ಹೊಲಿಗೆಯ ಮೇಲೆ ಬೆರಳಗಲದ ಕಿತ್ತಳೆ ಗೆರೆ. ಬಟ್ಟೆ ಹತ್ತಿಯದು, ಹೊಲಿದ ದಾರ ಪಾಲಿಯೆಸ್ಟರಿನದು!

ಅಂದಿನಿಂದ ಹೊಸ ಅಂಗಡಿಯ ಮಾಲು ಬಂದರೆ ಒಳಮಡಿಕೆಯಿಂದ ಬಟ್ಟೆಯ ಎಳೆಯೊಂದನ್ನು ಕಿತ್ತು ಬೆಂಕಿಕಡ್ಡಿ ಗೀರುತ್ತೇನೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರಾದರೆ ಮುದುರಿ, ಕರಗಿ, ತಣಿದ ಮೇಲೆ ಗಟ್ಟಿ ಗುಂಡಾಗುತ್ತದೆ. ಉಗುರಲ್ಲಿ ಒತ್ತಿದರೂ ಪುಡಿಯಾಗದ ಆ ಗುಂಡೇ ನನ್ನ ಐಎಸ್‌ಐ ಮಾರ್ಕು. 65 ಪಾಲು ಪಾಲಿಯೆಸ್ಟರ್, 35 ಪಾಲು ಹತ್ತಿ ಬೆರೆತ ಬಟ್ಟೆಯೂ ನಡೆಯುತ್ತದೆ. ಒಗೆದ ಮೇಲೆ ಚಿತ್ರ ಹಳೆಯ ಫೋಟೊದಂತೆ ಹಗುರಾಗುತ್ತದೆ. ಕೆಲವರು ಅದನ್ನೇ ಬಯಸಿ ಮಾಡಿಸಿಕೊಳ್ಳುತ್ತಾರೆ.

ಈ ಎಳೆಯ ಕಥೆಯಲ್ಲೊಂದು ತಮಾಷೆಯಿದೆ. ಪಾಲಿಯೆಸ್ಟರ್ ನೂಲಿಗೆ 1941ರಲ್ಲಿ ಪೇಟೆಂಟ್ ಕೋರಿದವರು ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್. ಅವರು ದುಡಿಯುತ್ತಿದ್ದದ್ದು ಮ್ಯಾಂಚೆಸ್ಟರಿನ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್‌ನಲ್ಲಿ. ಕ್ಯಾಲಿಕೋ ಎಂದರೆ ನಮ್ಮ ನೆರೆಯ ಕಲ್ಲಿಕೋಟೆಯಿಂದ ಹೆಸರು ಪಡೆದ ಹತ್ತಿ ಬಟ್ಟೆ. ಹತ್ತಿಯ ಮೇಲೆ ಅಚ್ಚು ಹಾಕಿ ಬದುಕಿದ ಸಂಸ್ಥೆಯೇ ಹತ್ತಿಗೆ ಒಲಿಯದ ಈ ಅಚ್ಚಿಗೆ ಬೇಕಾದ ನೂಲನ್ನು ಹೆತ್ತಿತು. ಅಲ್ಲಿ ಅದರ ಹೆಸರು ಟೆರಿಲೀನ್. ಇಲ್ಲಿ ನಮ್ಮ ತಂದೆಯ ಕಾಲದವರು ಮದುವೆಗೆ ಹೊಲಿಸಿ ಮೆರೆದ ಟೆರಿಲಿನ್ ಶರ್ಟು ಅದರದ್ದೇ.

ಇನ್ನು ಸಾಮಾನಿನ ಮಾತು. ಪ್ರಿಂಟರಿನ ಆಯ್ಕೆಯಲ್ಲಿ ಎಡವಬೇಡಿ. ಕೆಲವು ಇಂಕ್‌ಜೆಟ್‌ಗಳು ಇಂಕನ್ನು ಕಾಯಿಸಿ ಚಿಮ್ಮಿಸುತ್ತವೆ. ಕಾವಿಗೇ ಹಾರುವ ಬಣ್ಣಕ್ಕೆ ಅವು ಹೊಂದುವುದಿಲ್ಲ. ಎಪ್ಸನ್‌ನಲ್ಲಿರುವ ಪೀಜೋ ಹೆಡ್ ಕಾಯಿಸದೆ ತಳ್ಳುತ್ತದೆ. ಹಾಗಾಗಿ ಮನೆಯಲ್ಲಿ ಮಾಡುವವರು ಅದರ ಟ್ಯಾಂಕ್ ಪ್ರಿಂಟರುಗಳಿಗೆ ಮೊರೆಹೋಗುತ್ತಾರೆ. ಹೊಸ ಪ್ರಿಂಟರಿಗೇ ಸಬ್ಲಿಮೇಷನ್ ಇಂಕು ತುಂಬಿಸಿ. ಒಮ್ಮೆ ತುಂಬಿದ ಮೇಲೆ ಮಕ್ಕಳ ಪ್ರಾಜೆಕ್ಟಿಗೆ, ಆಧಾರ್ ಜೆರಾಕ್ಸಿಗೆ ಅದನ್ನು ಮುಟ್ಟಬಾರದು. ಹೀಗೆ ಬದಲಿ ಇಂಕು ಹಾಕಿದರೆ ವಾರಂಟಿಯ ಆಸೆಯನ್ನೂ ಬಿಡಬೇಕು. ಹೀಟ್ ಪ್ರೆಸ್ 15 ಇಂಚು ಚೌಕದ್ದು ಸಾಕು. ಅದಕ್ಕೆ 16 ಆಂಪಿಯರಿನ ಪವರ್ ಪ್ಲಗ್ ಬೇಕು, ಎಕ್ಸ್‌ಟೆನ್ಷನ್ ಬಾಕ್ಸು ಬೇಡವೇ ಬೇಡ. ಇಸ್ತ್ರಿಪೆಟ್ಟಿಗೆಯಲ್ಲೇ ಮುಗಿಸುತ್ತೇನೆಂದು ಹೊರಟವರನ್ನು ಕಂಡಿದ್ದೇನೆ. ಪೆಟ್ಟಿಗೆಯ ಕಾವು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ, ಕೈಯ ಒತ್ತಡವೂ ಅಷ್ಟೇ. ಅವರ ಶರ್ಟಿನ ಚಿತ್ರಕ್ಕೆ ಸಿಡುಬು ಬಂದಿರುತ್ತದೆ.

ಒತ್ತುವ ಕೆಲಸ ದೋಸೆಯ ಕೆಲಸದಂತೆ. ಮೊದಲು ಹದ. ಖಾಲಿ ಶರ್ಟನ್ನು ಹತ್ತು ಸೆಕೆಂಡು ಒತ್ತಿ ತೇವ ಹೊರಡಿಸಬೇಕು. ನಮ್ಮ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ತೇವ ಆವಿಯಾಗಿ ಬಣ್ಣವನ್ನು ಅಡ್ಡಾದಿಡ್ಡಿ ಓಡಿಸುತ್ತದೆ. ಸಬ್ಲಿಮೇಷನ್ ಕಾಗದವೂ ತೇವ ಹೀರುತ್ತದೆ, ಕವರಿನಲ್ಲಿ ಬಿಗಿಯಾಗಿ ಮುಚ್ಚಿಡಿ. ನಂತರ ಅಂಟು ರೋಲರ್ ಆಡಿಸಿ ಜುಂಗು ತೆಗೆಯಬೇಕು. ಕಣ್ಣಿಗೆ ಕಾಣದ ಒಂದು ನೂಲಿನ ಚೂರು ಬಿಳಿ ಎದೆಯ ಮೇಲೆ ನೀಲಿ ಹುಳುವಾಗಿ ಶಾಶ್ವತವಾಗಿ ನಿಲ್ಲುತ್ತದೆ. ಶರ್ಟಿನ ಒಳಗೊಂದು, ಕಾಗದದ ಮೇಲೊಂದು ಬಟರ್ ಪೇಪರ್ ಇಟ್ಟು ಹೀಟ್ ಟೇಪ್ ಅಂಟಿಸಿ ಒತ್ತಿ. ಕಿಟಕಿ ತೆರೆದಿರಲಿ. ಪ್ರೆಸ್ ಎತ್ತಿದಾಗ ಕಾಗದ ಕೂದಲೆಳೆಯಷ್ಟು ಜಾರಿದರೂ ಇನ್ನೂ ಅನಿಲವಾಗಿರುವ ಬಣ್ಣ ಪಕ್ಕದಲ್ಲಿ ಇನ್ನೊಂದು ಮಸುಕು ಚಿತ್ರ ಬರೆಯುತ್ತದೆ. ಇದನ್ನು ‘ಗೋಸ್ಟ್’ ಎನ್ನುತ್ತಾರೆ, ಯಾವ ಮಂತ್ರವಾದಿಯೂ ಬಿಡಿಸಲಾರ.

ಕಾಗದದ ಮೇಲೆ ಚಿತ್ರ ಮಂಕಾಗಿ ಕಂಡರೆ ಹೊಸಬರು ಗಾಬರಿಯಾಗುತ್ತಾರೆ. ಕಾವು ತಾಗಲಿ, ಆಮೇಲೆ ನೋಡಿ. ಮಣ್ಣಿನ ಬಣ್ಣದಂತಿದ್ದದ್ದು ಕುಂಕುಮವಾಗಿ ಎದ್ದು ಬರುತ್ತದೆ. ನಾಲ್ಕು ವರ್ಷವಾದರೂ ಕಾಗದ ಸುಲಿಯುವ ಆ ಕ್ಷಣಕ್ಕೆ ಮನೆಯವರನ್ನೆಲ್ಲ ಕೂಗಿ ಕರೆಯುತ್ತೇನೆ. ಈಗೀಗ ಯಾರೂ ಬರುವುದಿಲ್ಲ.

ವಿನ್ಯಾಸದ ಬಗ್ಗೆ ನನ್ನದೊಂದು ಹಟವಿದೆ. ಈ ವಿದ್ಯೆಯಲ್ಲಿ ಬಿಳಿ ಇಂಕೇ ಇಲ್ಲ. ಬಿಳಿ ಬೇಕಾದಲ್ಲಿ ಬಟ್ಟೆಯ ಬಿಳಿಯೇ ಗತಿ. ಬಣ್ಣಗಳು ಪಾರದರ್ಶಕವಾದ್ದರಿಂದ ಕಪ್ಪು ಶರ್ಟಿನ ಮೇಲೆ ಏನೂ ಕಾಣದು, ಹಳದಿ ಶರ್ಟಿನ ಮೇಲೆ ಒತ್ತಿದ ನೀಲಿ ಹಸಿರಾಗುತ್ತದೆ. ಇದನ್ನು ಕೊರತೆ ಎಂದುಕೊಂಡವರು ಎದೆತುಂಬ ಬಣ್ಣ ಬಳಿದು ಜಾತ್ರೆ ಮಾಡುತ್ತಾರೆ. ಅಂಗಳದ ನೆಲವನ್ನು ಬಿಟ್ಟುಬಿಟ್ಟು ರಂಗೋಲಿ ಹಾಕುವವರಿಗೆ ಮಾತ್ರ ಬಿಟ್ಟ ಜಾಗದ ಬೆಲೆ ಗೊತ್ತು. ನಾನು ಈವರೆಗೆ ಒತ್ತಿದ್ದರಲ್ಲಿ ಒಳ್ಳೆಯದೆಂದರೆ ಬಿಳಿಯ ಮೇಲೆ ಒಂಟಿ ಮಿಂಚುಳ್ಳಿ. ಅದರ ಕತ್ತಿನ ಬಿಳಿ ಮಚ್ಚೆಗೆ ಒಂದು ಹನಿ ಇಂಕೂ ಖರ್ಚಾಗಿಲ್ಲ.

ಕನ್ನಡ ಬರೆಯುವವರಿಗೆ ಎರಡು ಎಚ್ಚರಿಕೆ. ಚಿತ್ರವನ್ನು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಬೇಕು. ಮರೆತರೆ ಶರ್ಟು ತೊಟ್ಟವರು ಮಾತ್ರ, ಅದೂ ಕನ್ನಡಿಯ ಮುಂದೆ ನಿಂತು, ಓದಿಕೊಳ್ಳಬಹುದು. ಎರಡನೆಯದು ಒತ್ತಕ್ಷರ. ಕೆಲವು ಡಿಸೈನ್ ತಂತ್ರಾಂಶಗಳು ಕನ್ನಡದ ಒತ್ತನ್ನು ಕಳಚಿ ಪಕ್ಕಕ್ಕಿಡುತ್ತವೆ. ಅಕ್ಷರ ಸರಿಯಾಗಿ ಕೂಡಿದ ಮೇಲೆ ಔಟ್‌ಲೈನ್ ಮಾಡಿಕೊಂಡೇ ಮುದ್ರಿಸಿ. ಒತ್ತುಗಳನ್ನು ತೀರ ಸಣ್ಣದಾಗಿಯೂ ಬಿಡಬೇಡಿ. ಅನಿಲ ಅಂಚಿನಾಚೆ ತುಸು ಹರಡುವುದರಿಂದ ಅವುಗಳ ಕಿಂಡಿ ಮುಚ್ಚಿಹೋಗುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ಸತ್ಯ ಹೇಳಲೇಬೇಕು. ಪಾಲಿಯೆಸ್ಟರ್ ಬೆವರು ಹೀರುವುದಿಲ್ಲ. ಸಣ್ಣ ತೂತುಗಳ ಡಾಟ್‌ನಿಟ್ ಬಟ್ಟೆ ಆಟದ ಮೈದಾನಕ್ಕೆ, ಬೆಳಗಿನ ಓಟಕ್ಕೆ ಚೆನ್ನ. ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ದಿನವಿಡೀ ತೊಟ್ಟು ಕೂರಲು ನಾನು ಯಾರಿಗೂ ಹೇಳಲಾರೆ. ಆದ್ದರಿಂದ ಪ್ರೆಸ್ ಕೊಳ್ಳುವ ಮೊದಲು ಮನೆಯ ಬೀರು ತೆರೆದು ಟೀ ಶರ್ಟುಗಳ ಕುತ್ತಿಗೆಯ ಹಿಂದಿನ ಚೀಟಿಗಳನ್ನು ಓದಿ. ಎಲ್ಲದರಲ್ಲೂ ಕಾಟನ್ ಎಂದೇ ಬರೆದಿದ್ದರೆ, ನಿಮ್ಮ ಮೈಗೆ ಹತ್ತಿಯೇ ಒಗ್ಗಿದ್ದರೆ, ಸ್ಕ್ರೀನ್ ಪ್ರಿಂಟಿಂಗ್ ಕಲಿಯಿರಿ. ಸಬ್ಲಿಮೇಷನ್ ನಿಮ್ಮದಲ್ಲ.