ಪರ್ಫೆಕ್ಟ್ ಹೌದು, ಕಂಪ್ಲೀಟ್ ಅಲ್ಲ

ದಾಸವಾಳದಲ್ಲಿ ಪುಷ್ಪಪತ್ರ, ದಳ, ಕೇಸರ, ಶಲಾಕೆ ನಾಲ್ಕೂ ಇವೆ. ಸಸ್ಯಶಾಸ್ತ್ರದ ಇಂಗ್ಲಿಷಿನಲ್ಲಿ ಅದು ಕಂಪ್ಲೀಟ್ ಹೂವು. ರಾಗಿಯ ಹೂವಿಗೆ ದಳವೆನ್ನುವಂಥದ್ದೇ ಇಲ್ಲ. ಆದರೂ ಗಂಡು, ಹೆಣ್ಣು ಎರಡೂ ಅಂಗಗಳು ಒಂದೇ ಹೂವಿನೊಳಗಿರುವುದರಿಂದ ಅದು ಪರ್ಫೆಕ್ಟ್. ಅಂದರೆ ನಮ್ಮ ಮುದ್ದೆಯ ಮೂಲ ಪರ್ಫೆಕ್ಟ್, ಆದರೆ ಇನ್‌ಕಂಪ್ಲೀಟ್! ಮಾತಿನಲ್ಲಿ ಈ ಎರಡು ಪದಗಳನ್ನು ಒಂದರ ಬದಲು ಇನ್ನೊಂದು ಬಳಸಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಹೂವು ಬಿಡಿಸಿ ನೋಡುವವರು ಮಾತ್ರ ಒಪ್ಪುವುದಿಲ್ಲ. ಒಂದು ಪದ ಯಾವುದು ಕಡಿಮೆಯಿದೆ ಎಂದು ಎಣಿಸುತ್ತದೆ, ಇನ್ನೊಂದು ಕೆಲಸ ನಡೆಯುತ್ತದೆಯೇ ಎಂದು ಕೇಳುತ್ತದೆ.

ನನಗೆ ಹೆಚ್ಚು ಪ್ರಿಯವಾದದ್ದು ಎಂಟೈರ್. ಅದರ ಬೇರು ಲ್ಯಾಟಿನ್ನಿನ ಇಂಟೆಜರ್, ಯಾರ ಕೈಯೂ ತಾಗದ್ದು. ಗಣಿತದ ಪೂರ್ಣಾಂಕಕ್ಕೆ ಇಂಟಿಜರ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಹಲ್ಲು, ಸೀಳು ಇಲ್ಲದ ಅಂಚಿನ ಮಾವಿನೆಲೆ ಎಂಟೈರ್. ಅಂಚೆಚೀಟಿ ಸಂಗ್ರಾಹಕರಿಗೆ ಚೀಟಿಯನ್ನು ಕತ್ತರಿಸಿ ತೆಗೆಯದೆ ಹಾಗೇ ಉಳಿಸಿಕೊಂಡ ಇಡೀ ಲಕೋಟೆ ಎಂಟೈರ್. ಕುದುರೆ ಸಾಕುವವರ ಬಾಯಲ್ಲಿ ಬೀಜ ಒಡೆಯದ ಗಂಡುಕುದುರೆ ಎಂಟೈರ್. ಎಲ್ಲಿ ಹೋದರೂ ಕತ್ತರಿ ತಾಗಿಲ್ಲ ಎಂಬುದೇ ಅದರ ಹೆಮ್ಮೆ. ಹೋಲ್ ಎಂಬುದಕ್ಕೆ ಇಂಥ ಬಿಗುಮಾನವಿಲ್ಲ. ಗಾಯ ಮಾಯುವ ಹೀಲ್, ಆರೋಗ್ಯದ ಹೆಲ್ತ್ ಎರಡೂ ಅದರ ದಾಯಾದಿಗಳು, ಹಾಗಾಗಿ ಮುರಿದು ಕೂಡಿಕೊಂಡದ್ದೂ ಹೋಲ್ ಆಗಬಲ್ಲದು. ಅದರ ಮುಂದಿರುವ ಡಬ್ಲ್ಯು ಅಕ್ಷರ ಮಾತ್ರ ನಡುವೆ ಬಂದು ಸೇರಿದ ಅತಿಥಿ, ಬಾಯಿ ಬಿಡುವುದಿಲ್ಲ.

1852ರಲ್ಲಿ ಪೀಟರ್ ಮಾರ್ಕ್ ರೋಜೆ ತನ್ನ ಥೆಸಾರಸ್ ಹೊರತಂದಾಗ ಹೋಲ್‌ಗೆ ಒಂದು ಶೀರ್ಷಿಕೆ, ಕಂಪ್ಲೀಟ್‌ನೆಸ್‌ಗೆ ಇನ್ನೊಂದು ಎಂದು ಬೇರೆ ಬೇರೆ ಮನೆ ಕೊಟ್ಟಿದ್ದ. ಆತ ವೈದ್ಯ; ವಿಂಗಡಿಸುವ ಚಟ ಹಳೆಯದು. ಈಗಿನ ಅಗ್ಗದ ಪರ್ಯಾಯಪದ ಕೋಶಗಳು ಅವನ್ನೆಲ್ಲ ಒಂದೇ ಚೀಲಕ್ಕೆ ತುಂಬುತ್ತವೆ.

ಕಂಪ್ಲೀಟ್ ಪದದ ನಿಜವಾದ ತಮಾಷೆ ಇರುವುದು ಐಸಾಕ್ ವಾಲ್ಟನ್ನನ ಮೀನುಗಾರಿಕೆಯ ಪುಸ್ತಕದಲ್ಲಿ. 1653ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ದಿ ಕಂಪ್ಲೀಟ್ ಆಂಗ್ಲರ್' ಹೆಸರಿಗೆ ಪರಿಪೂರ್ಣ. ವಾಲ್ಟನ್ ಮಾತ್ರ ಅದಕ್ಕೆ ಸೇರಿಸುವುದನ್ನು ನಿಲ್ಲಿಸಲಿಲ್ಲ. 1676ರ ಐದನೆಯ ಆವೃತ್ತಿಯ ಹೊತ್ತಿಗೆ ಅಧ್ಯಾಯಗಳು ಹೆಚ್ಚಿದ್ದವು. ಸಾಲದ್ದಕ್ಕೆ ಗೆಳೆಯ ಚಾರ್ಲ್ಸ್ ಕಾಟನ್ ಬರೆದ ಎರಡನೆಯ ಭಾಗವೂ ಬಂದು ಕೂತಿತು. ಕಂಪ್ಲೀಟ್ ಆದದ್ದಕ್ಕೆ ಎರಡನೆಯ ಭಾಗವೇ ಎಂದು ನಕ್ಕುಬಿಡಬಹುದು. ಆದರೆ ಶೀರ್ಷಿಕೆಯಲ್ಲಿ ಆ ವಿಶೇಷಣ ಅಂಟಿಕೊಂಡಿರುವುದು ಪುಸ್ತಕಕ್ಕಲ್ಲ, ಗಾಳ ಹಿಡಿದವನಿಗೆ. ಅಂದಿನ ಇಂಗ್ಲಿಷಿನಲ್ಲಿ ಕಂಪ್ಲೀಟ್ ಮನುಷ್ಯನೆಂದರೆ ತನ್ನ ಕಸುಬಿನಲ್ಲಿ ಪಳಗಿದವನು. ಪಳಗಿದವನಿಗೆ ಹೇಳುವುದು ಮುಗಿಯದಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಆ ಅರ್ಥ ಈಗ ಸವೆದುಹೋಗಿದೆ. ಕೊನೆಯಲ್ಲಿ ಇ-ಎ-ಟಿ ಎಂದು ಬರೆಯುವ ವಾಲ್ಟನ್ನನ ಕಾಗುಣಿತ ಮಾತ್ರ ಅಡುಗೆ, ತೋಟಗಾರಿಕೆ ಪುಸ್ತಕಗಳ ಮುಖಪುಟದಲ್ಲಿ ಆಗಾಗ ತಲೆ ಹಾಕುತ್ತದೆ. ಅದು ಬರೀ ಠೀವಿ ಎಂದೇ ನನ್ನ ಲೆಕ್ಕ.