ಸಿದ್ಧರಾಮನ ಕೆರೆ: ಒಂದು ಮರುವಿಚಾರ

ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ಸೊನ್ನಲಿಗೆಯ ಕೆರೆಯು ಶಿವಯೋಗಿಯ ಸಾಧನೆಯಾಗಿ ಶೋಭಿಸುತ್ತದೆ. ಹದಿನೈದನೆಯ ಶತಮಾನದಿಂದ ಸಂಕಲಿತವಾದ ‘ಶೂನ್ಯಸಂಪಾದನೆ’ಗಳಲ್ಲಾದರೋ ಅಲ್ಲಮನು ಅದೇ ಸಿದ್ಧರಾಮನನ್ನು ‘ಒಡ್ಡ’ನೆಂದು ಜರೆದು ಅಂತರಂಗದ ಅರಿವಿನತ್ತ ತಿರುಗಿಸುತ್ತಾನೆ. ಇದರಿಂದ ಕೆರೆಯನ್ನು ದಾಟಿಹೋಗಬೇಕಾದ ಮೆಟ್ಟಿಲೆಂದು ಮಾತ್ರವೇ ಎಣಿಸುವ ವಾಡಿಕೆಯುಂಟು. ಈ ಎಣಿಕೆ ನಮಗೆ ಅಪೂರ್ಣವೆಂದು ತೋರುತ್ತದೆ.

ಇಂದಿನ ಸೊಲ್ಲಾಪುರವೇ ಆದ ಸೊನ್ನಲಿಗೆಯೂ ಕಲಬುರಗಿಯ ಮಗ್ಗುಲಿನ ನಂದೂರವೂ ಭೀಮಾ ಜಲಾನಯನದೊಳಗಿನ ಊರುಗಳು. 2020ರ ಅಕ್ಟೋಬರಿನಲ್ಲಿ ಈ ಜಿಲ್ಲೆಯ ಭೀಮಾತೀರವನ್ನು ಪ್ರವಾಹ ಮುಳುಗಿಸಿತು. 2023ರಲ್ಲಿ ಮಳೆ ಕೈಕೊಟ್ಟು ಬರ ಬಿದ್ದಿತು. ನಾಲ್ಕು ತಿಂಗಳಲ್ಲಿ ಸುರಿದು ಹರಿದುಹೋಗುವ ನೀರನ್ನು ತಡೆದು, ಸುತ್ತಲ ಬಾವಿಗಳಿಗೆ ಒರತೆಯನ್ನೀಯುವ ಕೆರೆಯು ಇಂಥ ನೆಲದಲ್ಲಿ ಬರಿಯ ಸಂಕೇತವಲ್ಲ, ಬದುಕಿನ ಆಧಾರ.

ಅಲ್ಲಮನ ಆಕ್ಷೇಪವಾದರೂ ನೀರಿನ ಮೇಲಲ್ಲ, ‘ಕಟ್ಟಿಸಿದವನು ನಾನು’ ಎಂಬ ಅಭಿಮಾನದ ಮೇಲೆ. ಈ ಎರಡನ್ನೂ ಬೇರ್ಪಡಿಸಿ ನೋಡಿದರೆ ಪ್ರಸಂಗದ ಅರ್ಥ ಬೇರೆಯಾಗುತ್ತದೆ. ಕೆರೆ ಕಟ್ಟಿಸಿದವರಿಗೆ ಶಾಸನವುಂಟು. ವರ್ಷವರ್ಷವೂ ಹೂಳೆತ್ತಿದವರಿಗೆ ಹೆಸರಿಲ್ಲ. ಆದರೆ ಕೆರೆ ಉಳಿಯುವುದು ಹೂಳೆತ್ತುವವರಿಂದಲೇ. ಅಭಿಮಾನವಳಿದ ಆ ದುಡಿಮೆಯಲ್ಲಿ ಸಿದ್ಧರಾಮನ ಕಾಯಕವೂ ಅಲ್ಲಮನ ಅರಿವೂ ಒಂದುಗೂಡುತ್ತವೆಂದು ನಾವು ಭಾವಿಸುತ್ತೇವೆ.